ನನ್ನ ಹೆಸರಿನಲ್ಲಿ ಹೋದ ನಿನ್ನ ಕಾಗದ

ಇವಳೇ,

ಹಾಗಲ್ಲ, ನಿನ್ನೆ ನಾನು ಹೇಳಲು ಹೊರಟಿದ್ದು ಬೆಕ್ಕಿನ ವಿಷಯ ಅಲ್ಲವೇ ಅಲ್ಲ. ಬೆಕ್ಕು ನಿನ್ನ ಟ್ರಂಕಿನ ಹಿಂದೆ ಮರಿ ಹಾಕಿತ್ತು, ಮರಿ ತೆಗೆಯಲು ಟ್ರಂಕು ಸರಿಸಿದೆ. ಅಷ್ಟು ಹೇಳುವುದರೊಳಗೆ ಮಾತು ಮರಿಗಳ ಬಣ್ಣದ ಕಡೆ ತಿರುಗಿ ಅಲ್ಲೇ ಉಳಿಯಿತು. ಕೊಪ್ಪದಿಂದ ಶೃಂಗೇರಿಗೆ ಹೊರಟವನು ಎನ್.ಆರ್. ಪುರದಲ್ಲಿ ಇಳಿಯುತ್ತಾನೆ ಎಂದು ನನ್ನ ಮಾತಿಗೆ ನೀನು ನಗುತ್ತಿದ್ದೆಯಲ್ಲ, ಹಾಗೇ ಆಯಿತು. ಹೇಳಬೇಕಾಗಿದ್ದು ಇದು: ಟ್ರಂಕಿನ ತಳದಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟ ನಿನ್ನ ಚೌರಿ ಸಿಕ್ಕಿತು. ಜೊತೆಗೆ ಬೊಂಬಾಯಿಯ ಡಾಕ್ಟರು ಬರೆದ ಇಂಗ್ಲಿಷ್ ಕಾಗದವೂ ಸಿಕ್ಕಿತು. ಅದು ಎಂದೋ ಒಲೆಗೆ ಹೋಗಿದೆ ಎಂದೇ ನಾನು ತಿಳಿದಿದ್ದೆ. ನೀನು ಯಾವಾಗ ಎತ್ತಿಟ್ಟುಕೊಂಡೆ? ಓದಲು ಬಾರದ ಕಾಗದವನ್ನು ಯಾಕೆ ಎಂದು ಆಗ ಅಂದುಕೊಂಡೆ…

ಚೌರಿ ಕೈಗೆ ಬಂದ ಕೂಡಲೇ ಖಾದರ್ ಸಾಹೇಬರ ನೆನಪಾಯಿತು. ಬಸ್‌ಸ್ಟ್ಯಾಂಡಿನ ಎದುರಿನ ಅವರ ಫ್ಯಾನ್ಸಿ ಸ್ಟೋರಿಗೆ ನಾನು ಆ ಕಟ್ಟುಗೂದಲು ತರಲು ಹೋದಾಗ ಅಂಗಡಿಯಲ್ಲಿ ಇಬ್ಬರು ಹುಡುಗಿಯರು ರಿಬ್ಬನ್ ಆರಿಸುತ್ತಿದ್ದರು. ಅವರು ಹೋಗುವ ತನಕ ನಾನು ಬೇಡದ ಸೋಪಿನ ಡಬ್ಬಿಗಳನ್ನೆಲ್ಲ ತೆರೆದು ತೆರೆದು ನೋಡಿದೆ. ಸಾಹೇಬರಿಗೆ ಗೊತ್ತಾಗಿರಬೇಕು. ಒಳಗಿಂದ ನಾಲ್ಕು ಚೌರಿ ತಂದು ಮೇಜಿನ ಕೆಳಗೇ ತೋರಿಸಿದರು. "ಇದು ಅಮ್ಮಾರ ಕೂದಲಿಗೆ ಸರಿ ಹೋಗ್ತದೆ ಭಟ್ರೇ. ನಾನು ಯಾರಿಗೂ ಹೇಳೂದಿಲ್ಲ. ನಮ್ಮ ಮನೆಯವಳಿಗೂ ಹೇಳೂದಿಲ್ಲ, ಅವಳಿಗೆ ಹೇಳಿದ್ರೆ ಮೈಕಿಗೆ ಹೇಳಿದ ಹಾಗೆ," ಎಂದರು. ಮನೆಗೆ ಬಂದು ಅದನ್ನು ಹೇಳಿದಾಗ ನೀನು ನಕ್ಕೆ. ಕನ್ನಡಿಯ ಮುಂದೆ ನಿಂತು ಹೆಣೆದುಕೊಂಡು, "ಹೆಂಗಿದೆ?" ಎಂದು ಕೇಳಿದೆ. ನಾನು ಪೇಪರ್ ಓದುತ್ತಾ "ಚಂದ" ಎಂದೆ. ನೋಡಿ ಹೇಳಿದೆನೋ, ನೋಡದೆ ಹೇಳಿದೆನೋ?

ಹರಿಹರಪುರದ ಮದುವೆ ಆಗದೆ ಇದ್ದಿದ್ದರೆ ನೀನು ಆ ಚೌರಿಯಲ್ಲೇ ಕಾಲ ಕಳೆಯುತ್ತಿದ್ದೆಯೋ ಏನೋ. ನಿನ್ನ ತಂಗಿಯ ಮಗಳ ಮದುವೆ. ನಮ್ಮ ಕಡೆ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟ ಮೇಲೆ ಹೂವನ್ನು ಕೈಗೆ ಕೊಡುವ ಕ್ರಮವಿಲ್ಲ, ಕೊಟ್ಟವರೇ ಜಡೆಗೆ ಮುಡಿಸಬೇಕು. ಹುಡುಗನ ಸೋದರತ್ತೆ, ಪಾಪ, ಪ್ರೀತಿಯಿಂದಲೇ ನಿನ್ನ ಹಿಂದೆ ನಿಂತು ಮಲ್ಲಿಗೆ ದಂಡೆಯನ್ನು ಸಿಕ್ಕಿಸಿ ಗಟ್ಟಿಯಾಯಿತೇ ಎಂದು ಒಮ್ಮೆ ಜಗ್ಗಿದರು. ಹೂವು, ಜಡೆ ಎರಡೂ ಅವರ ಕೈಗೆ ಬಂದವು. ನಾನು ಗಂಡಸರ ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ಸುಮಾ ಓಡಿ ಬಂದು "ಅಪ್ಪ, ಅಮ್ಮ ಮನೆಗೆ ಹೋಗಣ ಅಂತಿದಾರೆ," ಎಂದಳು. ಪಾಯಸ ಬಡಿಸುತ್ತಿದ್ದಾರಲ್ಲ, ಈಗ ಎಂತಕ್ಕೆ ಎಂದು ಅವಳನ್ನೇ ಗದರಿಸಿದೆ ನಾನು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಸೆರಗು ಹೊದ್ದು ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದೆ: "ಯಾರಾದ್ರೂ ನಗಾಡಿದ್ರೆ ಆಗ್ತಿತ್ತು. ಯಾರೂ ನಗಾಡ್ಲಿಲ್ಲ ಕಾಣಿ."

ಅದಾಗಿ ತಿಂಗಳೊಳಗೆ ನೀನು ಲೈಬ್ರರಿಯ ವಾರಪತ್ರಿಕೆಯಿಂದ ಒಂದು ಹಾಳೆ ಕತ್ತರಿಸಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟೆ. ಲೈಬ್ರರಿ ಪುಸ್ತಕದ ಮೂಲೆ ಮಡಿಸಿದರೂ ಬೈಯುವವಳು, ಅದನ್ನು ಕತ್ತರಿಸಿದ್ದೆ! ಬೊಂಬಾಯಿಯಲ್ಲಿ ಒಬ್ಬ ಡಾಕ್ಟರು ಹಿಂದಲೆಯ ಕೂದಲನ್ನು ಬೇರು ಸಮೇತ ತೆಗೆದು ಮುಂದೆ ನೆಡುತ್ತಾರಂತೆ. ಪಕ್ಕದಲ್ಲಿ ಬೋಳು ತಲೆಯ ಗಂಡಸಿನ ಎರಡು ಫೋಟೋ, ಮೊದಲು ಒಂದು, ಆಮೇಲೆ ಒಂದು.

"ಅಗೆಮಡಿಯಿಂದ ಸಸಿ ಕಿತ್ತು ಗದ್ದೆಗೆ ನೆಟ್ಟ ಹಾಗೇ ಅಲ್ಲನಾ?" ಎಂದೆ ನೀನು.

"ಇದು ಗಂಡಸರಿಗೆ ಮಾರಾಯ್ತಿ."

"ಹೆಂಗಸರಿಗೆ ಆಗದಿಲ್ಲ ಅಂತ ಎಲ್ಲಿ ಬರ್ದಿದೆ? ತೋರ್ಸಿ."

"ತಲೆಗೆ ಸೂಜಿ ಚುಚ್ಚಿ ರಕ್ತ ಬರ್ಸ್ಕೊಳೂದು ಎಂತಕ್ಕೆ? ನಿನ್ನ ಈಗ ಯಾರು ಹೆಣ್ಣು ನೋಡೂಕೆ ಬರ್ತಾರೆ?"

ಆ ಮಾತು ನಾನು ಆಡಿದ್ದು ಹೌದು. ಹಾಸ್ಯಕ್ಕೆ ಆಡಿದ್ದು, ಆದರೆ ಆಡಿದ್ದು ಹೌದು. ನೀನು ತಟ್ಟೆಗೆ ಸಾರು ಬಡಿಸಿ, "ನಂಗೆ ನಾನೇ ನೋಡ್ಕೊಳೂಕೆ," ಎಂದೆ.

ಒಳಗಿನ ಕೋಣೆಯಲ್ಲಿ ಜಪ ಮಾಡುತ್ತಿದ್ದ ನನ್ನ ಅಮ್ಮ ಆಗ ಹೊರಗೆ ಬಂದಳು. ನಿನಗೆ ನೆನಪಿದೆಯಲ್ಲ? ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು. ಅಪ್ಪ ಹೋದಾಗ ಅಮ್ಮನಿಗೆ ಇಪ್ಪತ್ತಾರು. ಮಡಿ, ಮೈಲಿಗೆ ಎಂದು ನಿನ್ನನ್ನು ಗೋಳು ಹೊಯ್ದುಕೊಂಡವಳು ಈಗ ಇನ್ನೇನು ರಂಪ ಮಾಡುತ್ತಾಳೋ ಎಂದು ನಾನು ಊಟ ನಿಲ್ಲಿಸಿದೆ. ಅಮ್ಮ ಆ ಹಾಳೆಯನ್ನು ಬೆಳಕಿಗೆ ಹಿಡಿದು ಎರಡು ಫೋಟೋವನ್ನೂ ನೋಡಿದಳು. ಆಮೇಲೆ, "ಏ ಮಾಣಿ, ನಂದು ತೆಗೀವಾಗ ನನ್ನ ಯಾರೂ ಕೇಳ್ಲಿಲ್ಲ. ಇವಳು ಬಾಯಿ ಬಿಟ್ಟು ಕೇಳ್ತಿದಾಳೆ. ಬರಿ ಕಾಗದ," ಎಂದಳು. ನಲವತ್ತು ವರ್ಷದಲ್ಲಿ ಅಮ್ಮ ತನ್ನ ಕೂದಲಿನ ಮಾತು ಎತ್ತಿದ್ದು ಅದೊಂದೇ ಸಲ. ನೀನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳುತ್ತಿದ್ದೆಯಾ? ನಾನು ಕೇಳಲಿಲ್ಲ.

ಕಾಗದ ಬರೆಯುವುದು ನನ್ನ ಕಸುಬು, ಅದರಲ್ಲಿ ನಾನು ಸೋಲುವುದಾದರೂ ಹೇಗೆ ಎಂದು ನೀನು ನಂಬಿದ್ದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಇಪ್ಪತ್ತೈದು ವರ್ಷ ಕೂತು ಕ್ರಯಪತ್ರ, ಪಾಲುಪಟ್ಟಿ, ಉಯಿಲು ಬರೆದವನು. ಬಸರೀಕಟ್ಟೆಯ ಎಸ್ಟೇಟಿನ ಹೆಣ್ಣಾಳು ಹೆಬ್ಬೆಟ್ಟು ಒತ್ತುವ ಕಾಗದದಲ್ಲೂ "ನಾನು" ಎಂದು ಅವಳ ಬಾಯಿಂದಲೇ ಬರೆದು, ಕೊನೆಯಲ್ಲಿ ಬರೆದವನು ಇಂಥವನು ಎಂದು ನನ್ನ ಬಿಕ್ಕಲಂ ರುಜು ಹಾಕಿದವನು. ಯಾರ ಕಾಗದವೋ ಅವರ ಹೆಸರಿನಲ್ಲೇ ಇರಬೇಕು, ಬರಹಗಾರ ಎಷ್ಟಿದ್ದರೂ ಕೊನೆಯ ಗೆರೆ. ಇದು ನಮ್ಮ ಕಸುಬಿನ ಮೊದಲನೇ ಪಾಠ.

ನೀನು ಹೇಳಿದ್ದನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಂಡ ಸಂಜೆಯೂ ನೆನಪಿದೆ. ಬಿಡಿಸಿದ ಅವರೆಕಾಳು ನಿನ್ನ ಮಡಿಲಲ್ಲಿತ್ತು. "ನಾನು ಪದ್ಮಾವತಿ, ಮೂವತ್ತೊಂಬತ್ತು ವರ್ಷದ ಹೆಂಗಸು, ಬರ್ಕೊಂಡ್ರಾ?" ಎಂದು ಶುರು ಮಾಡಿದೆ. ಎರಡು ವರ್ಷದಿಂದ ಕೂದಲು ಉದುರುತ್ತಿದೆ, ಬೈತಲೆ ಅಂಗೈಯಷ್ಟು ಅಗಲವಾಗಿದೆ. ಎಲ್ಲರಿಗೂ ಸೆಕೆಯಾದಾಗ ನನಗೆ ಚಳಿ. ಸ್ವರ ಒಡೆದಿದೆ, ಶೃಂಗೇರಿಯಲ್ಲಿ ನನ್ನ ತಾಯಿಗೆ ಫೋನಿನಲ್ಲಿ ನನ್ನ ಗುರುತು ಸಿಗಲಿಲ್ಲ. ಬೆಳಿಗ್ಗೆ ಮುಖ ಊದಿರುತ್ತದೆ. ಕೂತಲ್ಲಿ ನಿದ್ರೆ. ಆಮೇಲೆ, "ಹುಬ್ಬಿನ ತುದಿ ಎರಡೂ ಕಡೆ ಹೋಗಿದೆ, ಕಾಡಿಗೆಯಲ್ಲಿ ತೀಡಿಕೊಳ್ತೇನೆ, ಇದನ್ನೂ ಬರೀರಿ," ಎಂದೆ. ನಾನು ತಲೆಯೆತ್ತಿ ನೋಡಿದೆ. ಹತ್ತೊಂಬತ್ತು ವರ್ಷ ಎದುರು ಕೂತು ಉಂಡವನು. ಆ ಹುಬ್ಬು ತೀಡಿದ್ದು ಎಂದು ಆವತ್ತೇ ನನಗೆ ಗೊತ್ತಾದದ್ದು.

ಮರುದಿನ ಜಗಲಿಯಲ್ಲಿ ಇಂಗ್ಲಿಷ್ ಕಾಗದ ಬರೆಯಲು ಕೂತೆ. ಶಿವಮೊಗ್ಗದಲ್ಲಿ ಎರಡು ವರ್ಷ ಕಾಲೇಜು ಮೆಟ್ಟಿಲು ಹತ್ತಿದ ಇಂಗ್ಲಿಷ್, ಅರ್ಧ ತುಕ್ಕು ಹಿಡಿದದ್ದು. "ಡಿಯರ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ತನಕ ಕೈ ತಾನೇ ಓಡಿತು. ಅಲ್ಲಿಗೆ ನಿಂತಿತು. ಜವಾಬು ಈ ಜಗಲಿಗೇ ಬರುವುದಲ್ಲವೇ? ಪೋಸ್ಟ್‌ಮ್ಯಾನ್ ನಾಲ್ಕು ಜನ ಬರಹಗಾರರ ಎದುರು ಕೂಗಿ ಕೊಡುತ್ತಾನೆ. ಲಕೋಟೆಯ ಮೇಲೆ ಕೂದಲಿನ ಡಾಕ್ಟರ ಹೆಸರು, ಕೆಳಗೆ ಶ್ರೀಮತಿ ಪದ್ಮಾವತಿ. ಗಂಡಸಿನ ಬೋಳು ಒಂದು ದಿನದ ತಮಾಷೆ. ಹೆಂಗಸಿನದು ಊರಿಗೆ ಊರೇ ಆಡಿಕೊಳ್ಳುವ ಮಾತು. ಗಂಡ ಬದುಕಿರುವವಳ ತಲೆ ಬೋಳು ಎಂದರೆ ಅಪಶಕುನ ಎನ್ನುವವರೂ ಇದ್ದರು. ಅದಕ್ಕೇ ನಾನು ಬರೆದೆ: ಐ ಆಮ್ ಎ ಮ್ಯಾರೀಡ್ ಮ್ಯಾನ್ ಆಫ್ ಫಾರ್ಟಿ ಸಿಕ್ಸ್ ಇಯರ್ಸ್, ಸಫರಿಂಗ್ ಫ್ರಮ್ ಫಾಲಿಂಗ್ ಆಫ್ ಹೇರ್.

ಬಾಚಣಿಗೆ ಮುರಿಯುವಷ್ಟು ಕೂದಲು ಇರುವವನು ನಾನು!

ಚಳಿ, ಸ್ವರ, ಮುಖ ಊದಿದ್ದು, ಹುಬ್ಬು, ಎಲ್ಲವನ್ನೂ ಬಿಟ್ಟೆ. ಕೂದಲಿನ ಡಾಕ್ಟರಿಗೆ ಚಳಿಯ ವಿಷಯ ಎಂತಕ್ಕೆ ಎಂದುಕೊಂಡೆ. "ಬಿ ಬ್ರೀಫ್, ಬಾಯ್ಸ್, ಬಿ ಬ್ರೀಫ್" ಎಂದು ನಮ್ಮ ಇಂಗ್ಲಿಷ್ ಲೆಕ್ಚರರು ಡೆಸ್ಕಿಗೆ ಬಡಿದು ಹೇಳುತ್ತಿದ್ದದ್ದು, ಅವರು ಕಲಿಸಿದ್ದರಲ್ಲಿ ನನಗೆ ಉಳಿದದ್ದು ಅಷ್ಟೇ. ಮನೆಗೆ ಬಂದಾಗ ನೀನು ಕೇಳಿದೆ, "ಎಲ್ಲ ಬರ್ದ್ರಾ? ಹುಬ್ಬಿಂದೂ?" ನಾನು "ಹೂಂ" ಎಂದೆ.

ಜವಾಬು ಬಂದ ದಿನ ನೀನು ಕೈ ಒರೆಸಿಕೊಂಡು ಎದುರು ಬಂದು ನಿಂತೆ. ಅಮ್ಮನೂ ಕೋಣೆಯ ಬಾಗಿಲಿಗೆ ಬಂದಳು. ಡಾಕ್ಟರು ಸಭ್ಯರು. ಈ ವಯಸ್ಸಿನ ಗಂಡಸರಿಗೆ ಇದು ಸಹಜ, ವಂಶದಿಂದ ಬರುವುದು, ಆರೋಗ್ಯಕ್ಕೆ ಕೆಡುಕಿಲ್ಲ, ಆಪರೇಶನ್ ಕಷ್ಟದ್ದು, ಆದಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬರೆದಿದ್ದರು. ನನಗೆ ಒಳಗೊಳಗೇ ನಿರಾಳವಾಯಿತು. ಇನ್ನು ಬೊಂಬಾಯಿಗೆ ಹೋಗುವುದು ಬೇಡ, ಯಾರಿಗೂ ಏನೂ ಹೇಳುವುದು ಬೇಡ. "ಗಂಡಸರಿಗೆ" ಎಂಬುದೊಂದನ್ನು ಬಿಟ್ಟು ಉಳಿದದ್ದನ್ನು ನಿನಗೆ ಕನ್ನಡದಲ್ಲಿ ಹೇಳಿದೆ.

"ಸಹಜ ಅಂತ ಬರ್ದಿದಾರಾ?"

"ಹೌದು."

"ಚಳಿ ಆಗೂದೂ ಸಹಜನಾ?"

"ಎಲ್ಲ ಸಹಜ ಅಂತೆ."

"ಹಾಗಾದ್ರೆ ಆಯ್ತು," ಎಂದೆ ನೀನು. ಅಮ್ಮ ಮಾತ್ರ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಆಮೇಲಿನ ಮೂರು ವರ್ಷದಲ್ಲಿ ನೀನು ಯಾವ ಮದುವೆಗೂ ಹೋಗಲಿಲ್ಲ. ನವರಾತ್ರಿಗೆ ಶೃಂಗೇರಿಗೆ, ತವರಿಗೂ ಹೋಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ದೋಸೆ ಹೊಯ್ಯುತ್ತಿದ್ದೆ. ಸುಮಾ "ಅಮ್ಮ, ನೀವು ಊಟಿಯಲ್ಲಿದೀರಿ," ಎಂದು ಛೇಡಿಸುತ್ತಿದ್ದಳು, ನಾವೆಲ್ಲ ನಗುತ್ತಿದ್ದೆವು. ಮಾತು ನಿಧಾನವಾಯಿತು, ನಡಿಗೆ ನಿಧಾನವಾಯಿತು. ವಯಸ್ಸಾಯಿತು ಎಂದುಕೊಂಡೆವು. ನಲವತ್ತೆರಡು ಒಂದು ವಯಸ್ಸೇ? ಕೊನೆಗೆ ಪೇಟೆಯ ಡಾಕ್ಟರು ನಾಡಿ ಹಿಡಿದು, ಹೃದಯವೂ ನಿಧಾನವಾಗಿದೆ, ಘಟ್ಟದ ಕೆಳಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಸೋಮವಾರ ಹೋಗೋಣ ಎಂದಿದ್ದೆ. ಶನಿವಾರ ಬೆಳಿಗ್ಗೆ ನೀನು…

ಆವತ್ತು ಮುತ್ತೈದೆಯರು ನಿನ್ನನ್ನು ಸಿಂಗರಿಸುವಾಗ ಹೂ ಮುಡಿಸಲು ಜಡೆ ಇರಲಿಲ್ಲ. ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ "ಚೌರಿ ಎಲ್ಲಿದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬೀರು ಹುಡುಕಿದೆ, ಹಾಸಿಗೆಯ ಕೆಳಗೆ ಹುಡುಕಿದೆ. ಈ ಟ್ರಂಕು ಹೊಳೆಯಲಿಲ್ಲ. ಆಗ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಶುಭದ ಹೂವಿನ ಹತ್ತಿರ ಎಂದೂ ಸುಳಿಯದವಳು. "ಎಂತಕ್ಕೆ ಹುಡುಕ್ತೀರಿ? ಅವಳ ತಲೆ ಚಂದವೇ ಇದೆ. ಹಾಗೇ ಇಡ್ರೇ ಹೂವ," ಎಂದಳು. ಅವರು ಹಾಗೇ ಇಟ್ಟರು, ಹಣೆಯ ಮೇಲಿನಿಂದ ಸುತ್ತ. ಆಮೇಲಿನ ವರ್ಷ ಅಮ್ಮನೂ ಹೋದಳು. ನಿನಗೆ ಈಗ ಅಲ್ಲಿ ಅವಳು ಸಿಕ್ಕಿದ್ದರೆ ಇದೆಲ್ಲ ಗೊತ್ತಿರಬಹುದು.

ಈಗ ಸುಮಾಳ ವಿಷಯ. ಅವಳಿಗೆ ಕೆಲಸ ಸಿಕ್ಕಿತು, ಕಡಹಿನಬೈಲಿನ ಶಾಲೆಯಲ್ಲಿ ಟೀಚರು. ಎನ್.ಆರ್. ಪುರದಲ್ಲಿ ರೂಮು ಮಾಡಿಕೊಂಡಿದ್ದಾಳೆ. ಹೋದ ವರ್ಷ ದಸರಾ ರಜೆಗೆ ಬಂದವಳು ನನ್ನ ಮುಂದೆ ಕೂತು ತಲೆ ಬಗ್ಗಿಸಿ ಬೈತಲೆ ತೋರಿಸಿದಳು. ನಿನ್ನದೇ ಬೈತಲೆ. "ಅಪ್ಪ, ನಾನು ಕೂದಲು ನೆಡೋ ಆಪರೇಶನ್ ಮಾಡಿಸ್ಕೊಳಣ ಅಂತಿದೀನಿ. ಆ ಬೊಂಬಾಯಿ ಡಾಕ್ಟ್ರಿಗೆ ನಂಗೊಂದು ಕಾಗದ ಬರ್ಕೊಡಿ. ಇಂಗ್ಲಿಷ್ ನಂಗೆ ಬರ್ತದೆ, ಆದ್ರೆ ನೀವು ಬರೆದ್ರೆ ಒಂದು ಗತ್ತು," ಎಂದಳು.

ನಾನು ಪೆನ್ನು ತೆಗೆದೆ. ಬಾಯಿ ತಪ್ಪಿ, "ಯಾರ ಹೆಸರಲ್ಲಿ?" ಎಂದು ಕೇಳಿದೆ.

"ಎಂತ ಕೇಳ್ತೀರಪ್ಪ? ನನ್ನ ತಲೆ, ನನ್ನ ಹೆಸರು. ಮತ್ತೆ ಪಕ್ಕದ ಮನೆಯವರ ಹೆಸರಲ್ಲಾ?"

ಆಗ ನಾನು ಎದ್ದು ದಸ್ತಾವೇಜಿನ ಕಟ್ಟು ಬಿಚ್ಚಿ ನೀನು ಹೇಳಿ ಬರೆಸಿದ ಆ ಪೆನ್ಸಿಲ್ ಹಾಳೆ ತಂದು ಅವಳ ಕೈಗೆ ಕೊಟ್ಟೆ. ಎಂತಕ್ಕೆ ಇಟ್ಟುಕೊಂಡಿದ್ದೆನೋ, ಬರೆದ ಕಾಗದ ಬಿಸಾಡುವ ಅಭ್ಯಾಸ ನಮ್ಮವರಿಗಿಲ್ಲ. ಅವಳು ಓದಿದಳು. ನಡುವೆ ನಿಲ್ಲಿಸಿ ತನ್ನ ಹುಬ್ಬು ಮುಟ್ಟಿಕೊಂಡಳು. "ಅಪ್ಪ, ನಂಗೂ ಇದೆ ಇದು. ಚಳಿನೂ ಇದೆ," ಎಂದಳು. ಆವತ್ತು ನಾನು ಒಂದಕ್ಷರ ಬಿಡಲಿಲ್ಲ. ಚಳಿ, ಸ್ವರ, ಹುಬ್ಬು, ತಾಯಿಗೂ ಹೀಗೇ ಇತ್ತು ಎಂಬುದು, ಎಲ್ಲ ಸೇರಿ ಮೂರು ಪುಟವಾಯಿತು. ಬ್ರೀಫೂ ಇಲ್ಲ, ಎಂತದೂ ಇಲ್ಲ. ಲಕೋಟೆಯ ಹಿಂದೆ ಕುಮಾರಿ ಸುಮಾ ಎಂದು ದೊಡ್ಡದಾಗಿ ಬರೆದೆ.

ಜವಾಬನ್ನು ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಎಲ್ಲರ ಎದುರೇ ಕೂಗಿ ಕೊಟ್ಟ. ಒಬ್ಬರೂ ತಲೆ ಎತ್ತಿ ನೋಡಲಿಲ್ಲ, ಗೊತ್ತಾ? ಇಷ್ಟಕ್ಕೆ ನಾನು ಹೆದರಿದ್ದು. ಆಪರೇಶನ್ನಿನ ಯೋಚನೆ ಸದ್ಯಕ್ಕೆ ಬಿಡಿ, ಹೆಣ್ಣುಮಕ್ಕಳ ಕೂದಲು ಹೀಗೆ ಉದುರಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ತಡಮಾಡಬೇಡಿ ಎಂದು ಆ ಡಾಕ್ಟರು ಬರೆದಿದ್ದರು. ನಾನೂ ಸುಮಾಳೂ ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದೆವು. ಕುತ್ತಿಗೆಯಲ್ಲಿ ಥೈರಾಯಿಡ್ ಎಂಬ ಗ್ರಂಥಿ ಇದೆಯಂತೆ. ಅದು ಸೋತರೆ ಮೈಯೆಲ್ಲ ಸೋಲುತ್ತದೆ, ಕೂದಲು, ಹುಬ್ಬು, ಸ್ವರ, ಕೊನೆಗೆ ಹೃದಯ. ಅಲ್ಲಿನ ಲೇಡಿ ಡಾಕ್ಟರು ನಿನ್ನ ಪೆನ್ಸಿಲ್ ಹಾಳೆ ಓದಿಸಿಕೊಂಡು, "ಎಷ್ಟು ಚೆನ್ನಾಗಿ ಹೇಳಿದಾರೆ. ಇವರೆಲ್ಲಿ?" ಎಂದರು. ಸುಮಾ ಹೇಳಿದಳು. ಅವರು ಹಾಳೆಯನ್ನು ಮಡಿಸಿ ನನಗೆ ಕೊಟ್ಟು, "ಅದೇ ಆಗಿತ್ತು ಅಂತ ಈಗ ಹೇಳಕ್ಕಾಗಲ್ಲ," ಎಂದರು. ಒಳ್ಳೆಯವರು. ಆಗಿರಲಿಲ್ಲ ಎಂದೂ ಅವರು ಹೇಳಲಿಲ್ಲ.

ಮಾತ್ರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು. ಅಷ್ಟೇ ಇವಳೇ, ಅಷ್ಟೇ.

ಮೊನ್ನೆ ಭಾನುವಾರ ಸುಮಾ ಬಂದಾಗ ಟ್ರಂಕಿನಲ್ಲಿ ಸಿಕ್ಕಿದ ಹಳೆಯ ಕಾಗದ ತೋರಿಸಿದೆ. ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳು ನೋಡಿ, "ಓ, ಇದಾ? ಇದನ್ನ ಅಮ್ಮ ನನ್ನ ಹತ್ರ ಓದ್ಸಿದ್ರು, ನಾನು ಹೈಸ್ಕೂಲಲ್ಲಿದ್ದಾಗ," ಎಂದಳು. ಡಿಯರ್ ಸರ್ ಎಂದು ಓದಿದಳಂತೆ. ಮುಂದೆ, ನಿಮ್ಮ ವಯಸ್ಸಿನ ಗಂಡಸರಿಗೆ ಎಂದು ಅರ್ಥ ಹೇಳಿದಳಂತೆ. ನೀನು "ಸಾಕು, ಮಡಿಸಿ ಕೊಡು" ಎಂದೆಯಂತೆ. "ಅಪ್ಪನಿಗೆ ಇಷ್ಟು ಕೂದಲಿದ್ದೂ ಎಂತ ಚಿಂತೆ ಅಂತ ನಂಗೆ ನಗು. 'ಅಪ್ಪನ್ನ ಇದರ ಬಗ್ಗೆ ಎಂತದೂ ಕೇಳಬೇಡ, ಪಾಪ' ಅಂತ ಅಮ್ಮ ಅಂದಿದ್ರು," ಎಂದಳು.

ಪಾಪ ಎಂದೆಯಾ? ಗೊತ್ತಿದ್ದೂ ಮೂರು ವರ್ಷ ನನಗೆ ದೋಸೆ ಹೊಯ್ದು ಹಾಕಿದೆಯಾ? ಒಂದು ಸಲ ಜಗಳ ಆಡಬಾರದಿತ್ತೇ, ಆ ಕಾಗದವನ್ನು ನನ್ನ ಮುಖಕ್ಕೆ ಎಸೆಯಬಾರದಿತ್ತೇ? ಆಗಲಾದರೂ ನಾನು ಇನ್ನೊಂದು ಬರೆಯುತ್ತಿದ್ದೆನೋ ಏನೋ… ನೋಡು, ಈಗಲೂ ತಪ್ಪನ್ನು ನಿನ್ನ ಕಡೆಗೇ ತಳ್ಳುತ್ತಿದ್ದೇನೆ.

ಸುಮಾಳ ಬೈತಲೆಯ ಎರಡೂ ಬದಿಗೆ ಪುಟ್ಟ ಪುಟ್ಟ ಕೂದಲು ಬಂದಿವೆ. ಜಡೆಗೂ ಸಿಕ್ಕುವುದಿಲ್ಲ, ಎಣ್ಣೆಗೂ ಬಗ್ಗುವುದಿಲ್ಲ, ಅಗೆಮಡಿಯ ಸಸಿಯ ಹಾಗೆ ನೆಟ್ಟಗೆ ನಿಂತಿವೆ. ಹುಬ್ಬಿನ ತುದಿಯೂ ಬಂದಿದೆ. ನಾನು ಈ ಸಲ ಪೇಪರ್ ಕೆಳಗಿಟ್ಟು ನೋಡಿದೆ. ಹಣೆಯ ಹತ್ತಿರ ಒಂದು ಕಡೆ ಮಾತ್ರ ಇನ್ನೂ ಖಾಲಿ. ಒಂದು ವರ್ಷ ನೋಡುತ್ತೇನೆ, ತುಂಬದಿದ್ದರೆ ಅಲ್ಲಿಗೆ ನೆಡಿಸಿಕೊಳ್ಳುತ್ತೇನೆ ಎನ್ನುತ್ತಾಳೆ. ಯಾರು ಹೆಣ್ಣು ನೋಡಲು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಬೊಂಬಾಯಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ನಿನಗೂ ಮಾತು ಕೊಡುತ್ತಿದ್ದೇನೆ.

ಇನ್ನೊಂದು ಕೆಲಸ ಮಾಡಿದ್ದೇನೆ. ನಿನ್ನ ಪೆನ್ಸಿಲ್ ಹಾಳೆಯನ್ನು ಎದುರಿಗಿಟ್ಟುಕೊಂಡು ಬೊಂಬಾಯಿಯ ಕಾಗದವನ್ನು ಇವತ್ತು ಮಧ್ಯಾಹ್ನದಿಂದ ಮತ್ತೆ ಬರೆಯುತ್ತಿದ್ದೇನೆ. ಕಳಿಸಲು ಅಲ್ಲ, ಟ್ರಂಕಿನಲ್ಲಿ ಹಳೆಯದರ ಜಾಗಕ್ಕೆ ಇಡಲು. ಡಿಯರ್ ಸರ್, ಐ ಆಮ್ ಪದ್ಮಾವತಿ, ಎ ಲೇಡಿ ಆಫ್ ಥರ್ಟಿ ನೈನ್ ಇಯರ್ಸ್. ಚಳಿಯ ತನಕ ಬಂದಿದ್ದೇನೆ. ಹುಬ್ಬಿಗೆ ಇಂಗ್ಲಿಷಿನಲ್ಲಿ ಐಬ್ರೋ ಎಂದು ಗೊತ್ತು, ಕಾಡಿಗೆಯಲ್ಲಿ ತೀಡಿಕೊಳ್ಳುತ್ತೇನೆ ಎಂಬುದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಆದರೆ ಅದನ್ನು ಬಿಡುವುದಿಲ್ಲ. ಕೊನೆಯ ಗೆರೆಯಲ್ಲಿ ನನ್ನ ಬಿಕ್ಕಲಂ ರುಜುವಿಗೆ ಜಾಗ ಬಿಟ್ಟುಕೊಂಡಿದ್ದೇನೆ… ಇದೇನು, ಗೆರೆಯೇ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ ಇವಳೇ.